ಮಿರರ್‌ಲೆಸ್ ಬೇಕಾ, ಸೂಪರ್‌ಝೂಮ್ ಸಾಕಾ? ಕೊಡಗಿನಲ್ಲಿ ಕ್ಯಾಮೆರಾ ಕೊಳ್ಳುವವರಿಗೆ

ಯಾರಾದರೂ ಹೊಸ ಕ್ಯಾಮೆರಾ ಹಿಡಿದುಕೊಂಡು ಬಂದರೆ ನಮ್ಮ ಕಡೆ ಮೊದಲು ಕೇಳುವುದು "ಅಣ್ಣ, ಎಷ್ಟು ಎಕ್ಸ್ ಝೂಮ್?" ಅಂತ. ಅಂಗಡಿಯಲ್ಲೂ ಅದನ್ನೇ ಹೇಳಿ ಮಾರುತ್ತಾರೆ. ಆದರೆ ಕೊಡಗಿನಲ್ಲಿ ಫೋಟೊ ತೆಗೆಯುವವರಿಗೆ ಝೂಮ್ ಸಾಲದೇ ಹೋಗುವುದು ಅಪರೂಪ. ಬೆಳಕು ಸಾಲದೇ ಹೋಗುವುದು ದಿನಾ ಇದ್ದದ್ದೇ. ತೋಟದಲ್ಲಿ ನೆರಳಿನ ಮರ, ಕಾಡಿನಲ್ಲಿ ಇನ್ನೂ ದಟ್ಟ ನೆರಳು, ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ. ಹುತ್ತರಿ ಸುಗ್ಗಿ ಹಬ್ಬದಲ್ಲಿ ಭತ್ತದ ಕದಿರು ಕೊಯ್ಯುವುದಂತೂ ರಾತ್ರಿಯೇ. ಹಾಗಾಗಿ ಇಲ್ಲಿ ಮೊದಲು ಬೆಳಕಿನ ಲೆಕ್ಕ, ಝೂಮ್ ಆಮೇಲೆ.

ಎರಡು ಜಾತಿಯ ಪರಿಚಯ ಚಿಕ್ಕದಾಗಿ ಮಾಡಿಬಿಡೋಣ. ಮಿರರ್‌ಲೆಸ್ ಅಂದರೆ ಬಾಡಿ ಬೇರೆ, ಲೆನ್ಸ್ ಬೇರೆ. ಬೇಕಾದಂತೆ ಲೆನ್ಸ್ ಬದಲಿಸಬಹುದು, ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ದೊಡ್ಡದು. ಸೂಪರ್‌ಝೂಮ್‌ನಲ್ಲಿ ಲೆನ್ಸ್ ಬಾಡಿಗೇ ಅಂಟಿಕೊಂಡಿರುತ್ತದೆ. ಇಡೀ ಕಣಿವೆಯಿಂದ ಹಿಡಿದು ಹಕ್ಕಿಯ ಕಣ್ಣಿನ ತನಕ ಅದೇ ಒಂದು ಲೆನ್ಸ್. ಲೆನ್ಸ್‌ನ ಮಿ.ಮೀ. ಸಂಖ್ಯೆ ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಕ್ಸ್ ಅನ್ನುವುದು ಬರೀ ಅನುಪಾತ. ನಿಕಾನ್ ಪಿ1000ರಲ್ಲಿ 24 ಮಿ.ಮೀ.ನಿಂದ 3000 ಮಿ.ಮೀ. ತನಕ ಹೋಗಬಹುದು, ಅದಕ್ಕೇ 125 ಎಕ್ಸ್. ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದಕ್ಕೂ ಆ ಸಂಖ್ಯೆಗೂ ಸಂಬಂಧ ಇಲ್ಲ.

ಹೆಜ್ಜೆ 1: ಏನನ್ನು, ಎಷ್ಟು ದೂರದಿಂದ ತೆಗೆಯುತ್ತೀರಿ?

ಒಂದು ಚೀಟಿ ತಗೊಳ್ಳಿ. ಮುಂದಿನ ಒಂದು ವರ್ಷ ನೀವು ನಿಜವಾಗಿ ತೆಗೆಯುವ ವಿಷಯಗಳನ್ನಷ್ಟೇ ಬರೆಯಿರಿ. ಆಸೆಗಳನ್ನು ಬರೆಯಬೇಡಿ. ಪ್ರತಿಯೊಂದರ ಪಕ್ಕದಲ್ಲಿ ದೂರವನ್ನು ಮೀಟರ್‌ನಲ್ಲಿ ಅಂದಾಜಾಗಿ ಹಾಕಿ.

ಈಗ ಒಂದು ಸುಲಭ ಲೆಕ್ಕ. ದೂರವನ್ನು 36ರಿಂದ ಗುಣಿಸಿ, ಝೂಮ್‌ನ ಮಿ.ಮೀ. ಸಂಖ್ಯೆಯಿಂದ ಭಾಗಿಸಿ. ಚಿತ್ರದ ಚೌಕಟ್ಟಿನಲ್ಲಿ ಎಷ್ಟು ಮೀಟರ್ ಅಗಲ ಹಿಡಿಸುತ್ತದೆ ಅನ್ನುವುದು ಹೆಚ್ಚುಕಡಿಮೆ ಸಿಗುತ್ತದೆ. 36ರ ಬದಲು 24 ಹಾಕಿದರೆ ಎತ್ತರ ಸಿಗುತ್ತದೆ.

ತೋಟದೊಳಗೆ ಮಲಬಾರ್ ಟ್ರೋಗನ್ ಕೂತಿದೆ ಅಂದುಕೊಳ್ಳಿ. ಬಾಲ ಸೇರಿ ಸುಮಾರು 30 ಸೆಂ.ಮೀ. ಉದ್ದದ ಹಕ್ಕಿ, ನೆಟ್ಟಗೆ ಕೂರುತ್ತದೆ. ಕಾಫಿ ಗಿಡಗಳ ನಡುವೆ ನಿಂತು ನೋಡಿದರೆ 15 ಮೀಟರ್‌ಗಿಂತ ಆಚೆ ಇರುವ ಹಕ್ಕಿ ಎಲೆಗಳ ಮಧ್ಯೆ ಕಾಣುವುದೇ ಕಷ್ಟ. 15 ಮೀಟರ್‌ನಲ್ಲಿ 600 ಮಿ.ಮೀ. ಝೂಮ್ ಹಾಕಿದರೆ 90 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ ಸಿಗುತ್ತದೆ. ಚೌಕಟ್ಟಿನ ಅರ್ಧ ಎತ್ತರಕ್ಕೆ ಹಕ್ಕಿ ಬರುತ್ತದೆ, ಸುತ್ತ ಉಸಿರಾಡುವಷ್ಟು ಜಾಗವೂ ಇರುತ್ತದೆ. ಅದೇ 2000 ಮಿ.ಮೀ. ಹಾಕಿದರೆ ಎತ್ತರ 18 ಸೆಂ.ಮೀ. ಮಾತ್ರ. ತಲೆ ಸಿಕ್ಕರೆ ಬಾಲ ಇಲ್ಲ, ಬಾಲ ಸಿಕ್ಕರೆ ತಲೆ ಇಲ್ಲ. ತೋಟದ ಹಕ್ಕಿಗೆ ಆ 2000 ಏಕೆ ಬೇಕು ಹೇಳಿ?

ಹಾಕಿ ಮೈದಾನಕ್ಕೂ ಇದೇ ಲೆಕ್ಕ ಹಾಕಬಹುದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಉತ್ಸವ ಬೇಸಿಗೆಯಲ್ಲಿ ನಡೆಯುತ್ತದೆ, ಬಿಸಿಲಿಗೆ ಬರವಿಲ್ಲ. ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಗೆರೆಯ ಪಕ್ಕ ನಿಂತು 60 ಮೀಟರ್ ಆಚೆಯ ಆಟಗಾರನಿಗೆ 600 ಮಿ.ಮೀ. ಹಾಕಿದರೆ 2.4 ಮೀಟರ್ ಎತ್ತರದ ಚೌಕಟ್ಟು. ಆಳು, ಸ್ಟಿಕ್, ಚೆಂಡು ಎಲ್ಲವೂ ಒಳಗೆ.

ಹಾಗಾದರೆ 2000, 3000 ಬೇಕಾಗುವುದು ಎಲ್ಲಿ? ಹಾರಂಗಿ ಹಿನ್ನೀರಿನ ಆಚೆ ದಡದ ಕೊಕ್ಕರೆಗೆ, ಎತ್ತರದ ಮರದ ಪೊಟರೆಯಲ್ಲಿ ಗೂಡು ಮಾಡಿರುವ ಮಂಗಟ್ಟೆಗೆ, ಮತ್ತೆ ಚಂದ್ರನಿಗೆ. ನಿಕಾನ್ ಪಿ950 ಸೂಪರ್‌ಝೂಮ್‌ನ 2000 ಮಿ.ಮೀ.ನಲ್ಲಿ ಹುಣ್ಣಿಮೆ ಚಂದ್ರ ಚೌಕಟ್ಟಿನ ಎತ್ತರದ ಹೆಚ್ಚುಕಡಿಮೆ ಮುಕ್ಕಾಲು ಭಾಗ ತುಂಬುತ್ತಾನೆ. ಚಂದ್ರನ ಮೇಲೆ ಬಿದ್ದಿರುವುದು ಸೂರ್ಯನ ಬೆಳಕೇ ಆದ್ದರಿಂದ ಚಿಕ್ಕ ಸೆನ್ಸರ್‌ಗೂ ಕಷ್ಟ ಆಗುವುದಿಲ್ಲ. ರಾಜಾಸೀಟ್‌ನಲ್ಲಿ ಮಧ್ಯಾಹ್ನ ನಿಂತು ದೂರದ ಬೆಟ್ಟಕ್ಕೆ 3000 ಹಾಕಿದರೆ ಮಾತ್ರ ಬರುವುದು ಬಿಸಿಗಾಳಿಯ ಕುಣಿತವೇ. ಅಲ್ಲಿ ಎಷ್ಟು ದುಬಾರಿ ಕ್ಯಾಮೆರಾ ತಂದರೂ ಅಷ್ಟೇ.

ಆನೆಯನ್ನು ಚೀಟಿಯಲ್ಲಿ ಬರೆದಿದ್ದರೆ ಒಂದು ಮಾತು. ದುಬಾರೆಯಲ್ಲಿ ಸಾಕಿದ ಆನೆಗಳನ್ನು ನೋಡಬಹುದು, ಸಫಾರಿಯಲ್ಲಿ ವಾಹನದೊಳಗಿಂದ ತೆಗೆಯಬಹುದು. ತೋಟಕ್ಕೆ ಆನೆ ಬಂದಿದೆ ಅಂದರೆ ಕ್ಯಾಮೆರಾ ವಿಚಾರ ಬಿಟ್ಟು ಮನೆಯೊಳಗೆ ಹೋಗಿ. ಯಾವ ಝೂಮ್ ಕೂಡ ಅದಕ್ಕೆ ಉತ್ತರ ಅಲ್ಲ.

ಹೆಜ್ಜೆ 2: ಬೆಳಕನ್ನು ಫೋನಿನಲ್ಲೇ ಅಳೆಯಿರಿ

ದುಡ್ಡು ಕೊಡುವ ಮೊದಲು ಮಾಡಬಹುದಾದ ಪರೀಕ್ಷೆ ಇದು, ಖರ್ಚೂ ಇಲ್ಲ. ನೀವು ಫೋಟೊ ತೆಗೆಯುವ ಜಾಗಕ್ಕೆ, ತೆಗೆಯುವ ಹೊತ್ತಿಗೇ ಹೋಗಿ. ಬೆಳಿಗ್ಗೆ ಏಳು ಗಂಟೆಯ ತೋಟ ಅಂದರೆ ಏಳು ಗಂಟೆಗೇ. ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ತೆರೆಯಿರಿ. ಶಟರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, 1/500 ಸೆಕೆಂಡಿಗೆ ಇಡಿ. ಚಿತ್ರ ಕಣ್ಣಿಗೆ ಸರಿಯಾಗಿ ಕಾಣುವ ತನಕ ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸಂಖ್ಯೆ) ಏರಿಸುತ್ತಾ ಹೋಗಿ. ಬಂದ ಸಂಖ್ಯೆ ಬರೆದುಕೊಳ್ಳಿ.

ಹೆಚ್ಚಿನ ಫೋನ್‌ಗಳ ಮುಖ್ಯ ಲೆನ್ಸ್ ಎಫ್ 1.8ರ ಆಸುಪಾಸಿನದು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಬಿಡುವ ಬೆಳಕು ಜಾಸ್ತಿ. ಉದ್ದ ಝೂಮ್ ಲೆನ್ಸ್ ಅಷ್ಟು ಬೆಳಕು ಬಿಡುವುದಿಲ್ಲ. ಎಫ್ 4 ಲೆನ್ಸ್‌ಗೆ ಫೋನಿನ ಐಎಸ್‌ಒ ಸಂಖ್ಯೆಯನ್ನು 5ರಿಂದ, ಎಫ್ 6.3 ಲೆನ್ಸ್‌ಗೆ 12ರಿಂದ ಗುಣಿಸಿ. ಮೋಡದ ಬೆಳಿಗ್ಗೆ ದಟ್ಟ ನೆರಳಿನಲ್ಲಿ ಫೋನ್ 1250 ತೋರಿಸಿತು ಅನ್ನೋಣ. ಎಫ್ 4ಕ್ಕೆ 6250, ಎಫ್ 6.3ಕ್ಕೆ 15000 ಬೇಕು. ಪಿ950ರಲ್ಲಿ ಐಎಸ್‌ಒ 6400ಕ್ಕೆ ಮುಗಿಯುತ್ತದೆ. ಅದರ ಪೂರ್ತಿ ಝೂಮ್‌ನಲ್ಲಿ ಲೆನ್ಸ್ ಎಫ್ 6.5. ಅಂದರೆ ಶಟರ್ 1/200ರ ಹತ್ತಿರ ಇಳಿಸಲೇಬೇಕು. 6400ರಲ್ಲಿ ಬರುವ ಚಿತ್ರದಲ್ಲಿ ಗರಿಯ ಬದಲು ಮರಳು ಕಾಣುತ್ತದೆ.

ನನ್ನ ಲೆಕ್ಕದಲ್ಲಿ, ತೀರಾ ಚಿಕ್ಕ ಸೆನ್ಸರ್‌ನ ಸೂಪರ್‌ಝೂಮ್‌ಗೆ ಐಎಸ್‌ಒ 800 ದಾಟಿದರೆ ಖುಷಿ ಕಡಿಮೆ ಆಗುತ್ತದೆ. ಒಂದು ಇಂಚಿನ ಸೆನ್ಸರ್‌ಗೆ 3200 ಸರಿ. ಅದಕ್ಕಿಂತ ದೊಡ್ಡ ಎಪಿಎಸ್-ಸಿ ಸೆನ್ಸರ್‌ನ ಮಿರರ್‌ಲೆಸ್‌ಗೆ 6400, ಇವುಗಳಲ್ಲೆಲ್ಲ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರ್‌ಗೆ 12800. ನಿಮ್ಮ ಕಣ್ಣಿಗೆ ಇದು ಸ್ವಲ್ಪ ಆಚೀಚೆ ಆಗಬಹುದು. ವಾಟ್ಸಾಪ್‌ಗೆ ಕಳಿಸುವವರಿಗೆ ಇನ್ನೂ ಒಂದು ಮೆಟ್ಟಿಲು ಏರಿದರೂ ನಡೆಯುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿ ಹೋಂಸ್ಟೇ ಗೋಡೆಗೆ ತೂಗುವವರಿಗೆ ನಡೆಯುವುದಿಲ್ಲ.

ಟ್ರೋಗನ್ ಥರದ ಹಕ್ಕಿ ಕೂತಲ್ಲೇ ಬಹಳ ಹೊತ್ತು ಕೂತಿರುತ್ತದೆ. ಆಗ 1/500 ಬೇಡ, 1/60ರಲ್ಲೂ ತೆಗೆಯಬಹುದು. ಕ್ಯಾಮೆರಾವನ್ನು ಮರಕ್ಕೆ ಒತ್ತಿ ಹಿಡಿದು ಹತ್ತು ಹನ್ನೆರಡು ಫೋಟೊ ಒಟ್ಟಿಗೆ ಹೊಡೆದರೆ ಒಂದಾದರೂ ಅಲುಗದೆ ಬರುತ್ತದೆ. ಸೂಪರ್‌ಝೂಮ್ ಇಟ್ಟುಕೊಂಡು ಒಳ್ಳೆಯ ಚಿತ್ರ ತೆಗೆಯುವವರ ಗುಟ್ಟು ಇದೇ. ಕೊಂಬೆಯಿಂದ ಕೊಂಬೆಗೆ ಹಾರುವ ಕೆಂದಳಿಲಿಗೆ ಈ ಉಪಾಯ ನಡೆಯುವುದಿಲ್ಲ.

ಹೆಜ್ಜೆ 3: ಲೆನ್ಸ್ ಮುಂದಿನ ಬಳೆಯ ಬರಹ ಓದಿ

ಜಾಹೀರಾತು ಏನೇ ಹೇಳಲಿ, ಲೆನ್ಸ್‌ನ ಮುಂದಿನ ಬಳೆಯ ಮೇಲೆ ನಿಜ ಬರೆದಿರುತ್ತದೆ. ಒಂದು ಇಂಚಿನ ಸೆನ್ಸರ್‌ನ ಸೂಪರ್‌ಝೂಮ್ ಸೋನಿ ಆರ್‌ಎಕ್ಸ್10 ಮಾರ್ಕ್ 4 ಅನ್ನು 600 ಮಿ.ಮೀ. ಝೂಮ್ ಅಂತ ಮಾರುತ್ತಾರೆ. ಬಳೆ ನೋಡಿದರೆ 8.8-220 ಮಿ.ಮೀ., ಎಫ್ 2.4-4 ಅಂತ ಇರುತ್ತದೆ. ಮೋಸ ಏನಿಲ್ಲ. ಸೆನ್ಸರ್ ಚಿಕ್ಕದಾದ್ದರಿಂದ ಚೌಕಟ್ಟು ಕಿರಿದಾಗಿ, 220 ಮಿ.ಮೀ. ಲೆನ್ಸ್ ಫುಲ್ ಫ್ರೇಮ್‌ನ 600ರಷ್ಟು ಹತ್ತಿರ ತೋರಿಸುತ್ತದೆ. ಹೆಜ್ಜೆ 1ರ ಲೆಕ್ಕಕ್ಕೆ ಹಾಕಬೇಕಾದದ್ದು ಈ 600 ಅನ್ನೇ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಒಂದು ಇಂಚಿನದು ಅನ್ನುವ ಸೆನ್ಸರ್ ನಿಜಕ್ಕೂ 13.2×8.8 ಮಿ.ಮೀ. ಪಿ950, ಪಿ1000 ಥರದ ಕ್ಯಾಮೆರಾಗಳದ್ದು 6.2×4.6 ಮಿ.ಮೀ., ಅಂದರೆ ಒಂದು ಕಾಫಿ ಬೀಜಕ್ಕಿಂತ ಚಿಕ್ಕದು.

ಬಳೆಯ ಮೇಲಿನ ದೊಡ್ಡ ಮಿ.ಮೀ. ಸಂಖ್ಯೆಯನ್ನು ಅದರ ಎಫ್ ಸಂಖ್ಯೆಯಿಂದ ಭಾಗಿಸಿ. ಬರುವುದು ಬೆಳಕು ಒಳಗೆ ಬರುವ ಕಿಂಡಿಯ ಅಗಲ. ಒಂದೇ ಹಕ್ಕಿ, ಒಂದೇ ದೂರ ಆದಾಗ ಯಾವ ಕ್ಯಾಮೆರಾಗೆ ಜಾಸ್ತಿ ಬೆಳಕು ಸಿಗುತ್ತದೆ ಅನ್ನುವುದನ್ನು ಈ ಕಿಂಡಿಯೇ ಹೇಳುತ್ತದೆ.

ಆರ್‌ಎಕ್ಸ್10ಕ್ಕೆ 220 ಭಾಗಿಸು 4, ಅಂದರೆ 55 ಮಿ.ಮೀ. ಫುಲ್ ಫ್ರೇಮ್‌ನ ಸೋನಿ 200-600 ಅಥವಾ ನಿಕಾನ್ 180-600 ಲೆನ್ಸ್‌ಗೆ 600 ಭಾಗಿಸು 6.3, ಅಂದರೆ 95 ಮಿ.ಮೀ. ಕಿಂಡಿಯ ವಿಸ್ತೀರ್ಣಕ್ಕೆ ಬಂದರೆ ಇದು ಮೂರು ಪಟ್ಟು. ದೊಡ್ಡ ಮಿರರ್‌ಲೆಸ್ ಸೆಟ್ ಕೊಡುವುದು ಈ ಮೂರು ಪಟ್ಟು ಬೆಳಕನ್ನು. ಅದಕ್ಕೇ ಅಷ್ಟು ದುಡ್ಡು, ಅಷ್ಟು ಭಾರ.

ಈಗ ಹೆಚ್ಚಿನವರು ಗಮನಿಸದ ಒಂದು ಜೋಡಿ ನೋಡಿ. ಕ್ಯಾನನ್ ಆರ್7 ಬಾಡಿ, ಅದಕ್ಕೆ ಹಗುರದ ಆರ್‌ಎಫ್ 100-400 ಲೆನ್ಸ್. "ಮಿರರ್‌ಲೆಸ್ ತಗೊಂಡೆ, ಇನ್ನು ಬೆಳಕಿನ ಚಿಂತೆ ಇಲ್ಲ" ಅಂತ ಅನಿಸುತ್ತದೆ. ಸೆನ್ಸರ್ ಚಿಕ್ಕದಾಗಿರುವುದರಿಂದ 400 ಅನ್ನುವುದು 640ರಷ್ಟು ಹತ್ತಿರ ತರುತ್ತದೆ. ಆದರೆ ತುದಿಯಲ್ಲಿ ಎಫ್ 8. ಭಾಗಿಸಿದರೆ 50 ಮಿ.ಮೀ. ಆರ್‌ಎಕ್ಸ್10ರ 55ಕ್ಕಿಂತ ಕಡಿಮೆ! ನೆರಳಿನಲ್ಲಿ ಕೂತ ಹಕ್ಕಿಯ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಮಿರರ್‌ಲೆಸ್ ಅನ್ನುವ ಹೆಸರಿನಿಂದ ಬೆಳಕು ಬರುವುದಿಲ್ಲ, ಮುಂದಿನ ಗಾಜು ದೊಡ್ಡದಿರಬೇಕು. ಆ ಗಾಜಿಗೆ ದುಡ್ಡು ಇಲ್ಲದಿದ್ದರೆ ಹಕ್ಕಿಗೋಸ್ಕರ ಅಂತ ಮಿರರ್‌ಲೆಸ್ ಕೊಳ್ಳುವ ಮೊದಲು ಇನ್ನೊಮ್ಮೆ ಯೋಚಿಸಿ.

ಪಿ950ರದ್ದು? 357 ಭಾಗಿಸು 6.5, ಅಲ್ಲೂ 55. ಇದೇನು, ಆರ್‌ಎಕ್ಸ್10ರಷ್ಟೇ ಇದೆಯಲ್ಲಾ ಅಂತ ಅನಿಸಬಹುದು. ಆ 55 ಸಿಗುವುದು ಪೂರ್ತಿ 2000ಕ್ಕೆ ಎಳೆದಾಗ ಮಾತ್ರ. ಹತ್ತಿರದ ಹಕ್ಕಿಗೆ 600ಕ್ಕೆ ಹಿಂದೆ ತಂದರೆ ಲೆನ್ಸ್‌ನ ನಿಜ ಅಳತೆ 107 ಮಿ.ಮೀ. ಆಗುತ್ತದೆ. ಅಲ್ಲಿ ಎಫ್ 2.8 ಇದೆ ಅಂತ ಧಾರಾಳವಾಗಿ ಇಟ್ಟುಕೊಂಡರೂ ಕಿಂಡಿ 38 ಮಿ.ಮೀ. ದಾಟುವುದಿಲ್ಲ.

ಇನ್ನು ಮದುವೆ, ಹುತ್ತರಿ, ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್. ಇಲ್ಲಿ ಜನ ನಾಲ್ಕೈದು ಮೀಟರ್‌ನಲ್ಲೇ ಇರುತ್ತಾರೆ, ಬೆಳಕು ಮಾತ್ರ ದೀಪದ್ದು. ಇಂಥ ಕಡೆ ಮಿರರ್‌ಲೆಸ್‌ಗೆ ಸಾಟಿ ಇಲ್ಲ, ಅದೂ ಕಡಿಮೆ ದುಡ್ಡಿನಲ್ಲಿ. ಬಾಡಿಗೆ ಒಂದು 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿ. ಕ್ಯಾನನ್, ಸೋನಿಯಂಥ ಕಂಪನಿಗಳಲ್ಲಿ ಇದು ಅಗ್ಗದ ಲೆನ್ಸ್‌ಗಳಲ್ಲಿ ಒಂದು. ದೀಪದ ಸುತ್ತ ಕುಣಿಯುವ ಹೆಂಗಸರ ಮುಖ, ಕೈಯ ತಾಳ ಎಲ್ಲವೂ ಫ್ಲಾಶ್ ಇಲ್ಲದೆ ಬರುತ್ತದೆ. ಸೂಪರ್‌ಝೂಮ್ ಹಿಡಿದು ಅಲ್ಲಿ ನಿಂತರೆ ಫ್ಲಾಶ್ ಹೊಡೆಯಬೇಕಾಗುತ್ತದೆ, ದೀಪದ ಬಣ್ಣವೇ ಸತ್ತು ಹೋಗುತ್ತದೆ.

ಹೆಜ್ಜೆ 4: ಫೋಕಸ್

ಇಲ್ಲಿ ಹೆಚ್ಚು ಹೇಳುವುದಿಲ್ಲ. ಈಗಿನ ಮಿರರ್‌ಲೆಸ್‌ಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ, ಹಾರಿದರೆ ಹಿಂದೆಯೇ ಹೋಗುತ್ತವೆ. ಆರ್7ರ ಜೊತೆ ಎಫ್ 8 ಲೆನ್ಸ್ ಹಾಕಿದರೂ ಈ ಲಾಭ ಇದ್ದೇ ಇದೆ. ಸೂಪರ್‌ಝೂಮ್‌ಗಳಲ್ಲಿ ಆರ್‌ಎಕ್ಸ್10 ಮಾರ್ಕ್ 4 ಮಾತ್ರ ಓಡುವ ಆಟಗಾರನನ್ನು ನಂಬಿಕೆಯಿಂದ ಹಿಂಬಾಲಿಸುತ್ತದೆ. ಪಿ950, ಪಿ1000 ಕೂತಿರುವುದಕ್ಕೆ ಸರಿ. ನಿಮ್ಮ ಚೀಟಿಯಲ್ಲಿ ಓಡುವುದು, ಹಾರುವುದು ಜಾಸ್ತಿ ಇದ್ದರೆ ಇದೊಂದೇ ಕಾರಣ ಸಾಕು.

ಹೆಜ್ಜೆ 5: ಮಳೆಗಾಲದ ನಾಲ್ಕು ತಿಂಗಳು ಎಲ್ಲಿಡುತ್ತೀರಿ?

ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಜುಲೈನಲ್ಲಿ ಬೂಷ್ಟು ಬರುವ ಊರು ನಮ್ಮದು. ಅದೇ ಬೂಷ್ಟು ಲೆನ್ಸ್ ಒಳಗಿನ ಗಾಜಿಗೂ ಹಿಡಿಯುತ್ತದೆ. ಮೊದಲು ಸಣ್ಣ ಜೇಡರ ಬಲೆ ಥರ ಕಾಣುತ್ತದೆ. ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ.

ಇಲ್ಲಿ ಎರಡು ಜಾತಿಗೂ ಒಂದೊಂದು ಕಷ್ಟ. ಸೂಪರ್‌ಝೂಮ್‌ನ ಲೆನ್ಸ್ ಝೂಮ್ ಮಾಡಿದಂತೆ ಉದ್ದಕ್ಕೆ ಹೊರಗೆ ಬರುತ್ತದೆ, ಬರುವಾಗ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆಯುತ್ತದೆ. ಬೂಷ್ಟು ಹಿಡಿದರೆ ಲೆನ್ಸ್ ಬಿಚ್ಚಿ ಬದಲಿಸಲು ಆಗುವುದಿಲ್ಲ, ಇಡೀ ಕ್ಯಾಮೆರಾ ರಿಪೇರಿಗೆ ಹೋಗಬೇಕು. ಮಿರರ್‌ಲೆಸ್‌ನಲ್ಲಿ ಒಂದು ಲೆನ್ಸ್ ಕೆಟ್ಟರೆ ಉಳಿದದ್ದು ಕ್ಷೇಮ. ಸೋನಿ 200-600, ನಿಕಾನ್ 180-600 ಲೆನ್ಸ್‌ಗಳಲ್ಲಿ ಝೂಮ್ ಒಳಗೇ ನಡೆಯುತ್ತದೆ, ಉದ್ದ ಬದಲಾಗುವುದಿಲ್ಲ. ಇದು ನಮ್ಮ ಹವೆಗೆ ಒಳ್ಳೆಯದು. ಆದರೆ ಜಡಿಮಳೆಯಲ್ಲಿ ಲೆನ್ಸ್ ಬದಲಿಸುವಾಗ ಸೆನ್ಸರ್ ಮೇಲೆ ಹನಿ ಬಿದ್ದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಮಳೆ ಹನಿ ತಡೆಯುವ ಕಟ್ಟು ಆರ್7 ಬಾಡಿಗೆ ಇದೆ, ಆರ್‌ಎಫ್ 100-400 ಲೆನ್ಸ್‌ಗೆ ಇಲ್ಲ. ಆರ್‌ಎಕ್ಸ್10ಕ್ಕೆ ಇದೆ, ಪಿ950ಕ್ಕೆ ಇಲ್ಲ. ಬಾಡಿ ಒಂದಕ್ಕೆ ಇದ್ದು ಲೆನ್ಸ್‌ಗೆ ಇಲ್ಲದಿದ್ದರೆ ಅದನ್ನು ಇಲ್ಲ ಅಂತಲೇ ಲೆಕ್ಕ ಹಾಕಿ. ಯಾವುದು ಕೊಂಡರೂ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರಲಿ.

ಬಜೆಟ್ ಹಾಕುವಾಗ ಡ್ರೈ ಕ್ಯಾಬಿನೆಟ್ ದುಡ್ಡನ್ನು ಮೊದಲೇ ಎತ್ತಿಡಿ. ತೇವಾಂಶ 40ರಿಂದ 50 ಶೇಕಡಾ ನಡುವೆ ನಿಲ್ಲಿಸಿ. ಅಷ್ಟು ಖರ್ಚು ಬೇಡ ಅಂದರೆ ಗಾಳಿ ಆಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಬೇಕು. ಅಡುಗೆ ಮನೆಯ ಅಕ್ಕಿ ಡಬ್ಬ ಬೇಡ, ಧೂಳು ಸೇರುತ್ತದೆ. ಕ್ಯಾಮೆರಾ ಬ್ಯಾಗಿನಲ್ಲೇ ಮಳೆಗಾಲ ಕಳೆಯುವುದಂತೂ ಬೇಡವೇ ಬೇಡ. ಬ್ಯಾಗಿನ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಹೆಜ್ಜೆ 6: ಹೊತ್ತು ನೋಡಿ

ಆರ್‌ಎಕ್ಸ್10 ಸುಮಾರು 1.1 ಕೆ.ಜಿ. ಪಿ950 ಒಂದು ಕೆ.ಜಿ., ಪಿ1000 ಸುಮಾರು 1.4. ಆರ್7 ಮತ್ತು 100-400 ಸೇರಿ ಒಂದೂಕಾಲು ಕೆ.ಜಿ. ಸೋನಿ 200-600 ಲೆನ್ಸ್ ಒಂದೇ 2.1 ಕೆ.ಜಿ., ಅದಕ್ಕೆ ಬಾಡಿಯ ತೂಕ ಬೇರೆ. ಜೇಬಿನಲ್ಲಿ ಹಿಡಿಯುವ ಕ್ಯಾನನ್ ಎಸ್‌ಎಕ್ಸ್740 ಬರೀ 300 ಗ್ರಾಂ, ಝೂಮ್ 960 ಮಿ.ಮೀ. ತನಕ ಇದೆ. ಆದರೆ ಅದಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಬಿಸಿಲಿನಲ್ಲಿ ಸ್ಕ್ರೀನ್ ಕಾಣದೆ, ಕೈ ಮುಂದೆ ಚಾಚಿ 960 ಮಿ.ಮೀ. ಅಲುಗದೆ ಹಿಡಿಯುವುದು ಸುಮ್ನೆ ಹಿಂಸೆ.

1748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವವರು ಮನೆಯಲ್ಲಿ ಮೂರು ಲೀಟರ್ ನೀರಿನ ಬಾಟಲಿಗಳನ್ನು ಬ್ಯಾಗಿಗೆ ಹಾಕಿ, ಊರ ಏರಿನಲ್ಲಿ ಒಂದು ಗಂಟೆ ನಡೆದು ನೋಡಿ. ದೊಡ್ಡ ಮಿರರ್‌ಲೆಸ್ ಸೆಟ್‌ನ ತೂಕ ಅದು. ಅರ್ಧ ಗಂಟೆಗೇ ಉತ್ತರ ಸಿಗುತ್ತದೆ.

ಹೆಜ್ಜೆ 7: ಚೀಟಿ ನೋಡಿ ತೀರ್ಮಾನಿಸಿ

ಚೀಟಿಯಲ್ಲಿ ಮದುವೆ, ಹಬ್ಬ, ಮನೆ ಮಂದಿ, ಹೋಂಸ್ಟೇ ಕೋಣೆ, ಅಡುಗೆ ಇವೇ ತುಂಬಿದ್ದರೆ ಮಿರರ್‌ಲೆಸ್ ತಗೊಳ್ಳಿ. ಉದ್ದ ಲೆನ್ಸ್ ಗೊಡವೆಯೇ ಬೇಡ. ಎಪಿಎಸ್-ಸಿ ಬಾಡಿ, ಒಂದು ಸಾಧಾರಣ ಝೂಮ್, ಒಂದು 1.8 ಲೆನ್ಸ್ ಸಾಕು.

ಹಾಕಿ, ಕಣದಲ್ಲಿ ಕಾಫಿ ಹರಡುವುದು, ಪ್ರವಾಸ, ಬಿಸಿಲಿಗೆ ಬರುವ ಹಕ್ಕಿ, ಜೊತೆಗೆ ವಿಡಿಯೊ, ಹೀಗೆ ಎಲ್ಲವೂ ಸ್ವಲ್ಪ ಸ್ವಲ್ಪ ಇದ್ದರೆ ಒಂದು ಇಂಚಿನ ಸೆನ್ಸರ್‌ನ ಸೂಪರ್‌ಝೂಮ್. ಆರ್‌ಎಕ್ಸ್10 ಮಾರ್ಕ್ 4 ಬಂದದ್ದು 2017ರಲ್ಲಿ, ಹಳೆಯ ಮಾಡೆಲ್. ಆದರೂ ತೋಟದ ಮನೆಗೆ ಒಂದೇ ಕ್ಯಾಮೆರಾ ಅಂದರೆ ನಾನು ಮೊದಲು ಹೇಳುವುದು ಅದನ್ನೇ. ಹೊಸದು ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ನೋಡಬಹುದು.

ದೂರದ ಹಕ್ಕಿಯನ್ನು ಗುರುತು ಹಿಡಿಯುವುದೇ ಖುಷಿ, ಚಂದ್ರನೂ ಬೇಕು, ದುಡ್ಡು ಹೆಚ್ಚಿಲ್ಲ ಅನ್ನುವವರಿಗೆ ಪಿ950. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಆದ ಮೇಲೆ ತೋಟದಲ್ಲಿ ಬೆಳಕು ಸ್ವಲ್ಪ ಜಾಸ್ತಿ ಇರುತ್ತದೆ, ಆಗ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾರುವ ಮಂಗಟ್ಟೆ, ನಾಗರಹೊಳೆಯ ಮುಸ್ಸಂಜೆ, ಪ್ರಿಂಟ್, ಸ್ಪರ್ಧೆ ಅನ್ನುವವರಿಗೆ ಮಾತ್ರ ಫುಲ್ ಫ್ರೇಮ್ ಮತ್ತು ದೊಡ್ಡ ಲೆನ್ಸ್. ಅಲ್ಲಿ ಬಾಡಿಗಿಂತ ಲೆನ್ಸ್‌ಗೆ ದುಡ್ಡು ಹಾಕಿ. ಹಳೆಯ ಬಾಡಿ, ಒಳ್ಳೆಯ ಲೆನ್ಸ್ ನಡೆಯುತ್ತದೆ. ಹೊಸ ಬಾಡಿ, ಸಣ್ಣ ಗಾಜು ಆದರೆ ಏನಾಗುತ್ತದೆ ಅಂತ ಮೇಲೆ ನೋಡಿದಿರಿ. ಸಫಾರಿಗೆ ಬುಕ್ ಮಾಡುವಾಗ ಕ್ಯಾಮೆರಾ ಶುಲ್ಕ ಎಷ್ಟು, ಉದ್ದ ಲೆನ್ಸ್‌ಗೆ ಬೇರೆ ದರ ಇದೆಯಾ ಅಂತ ಕೇಳಿಕೊಳ್ಳಿ.

ಹೆಜ್ಜೆ 8: ಕೈಗೆ ತಗೊಳ್ಳುವ ದಿನ

ಸಾಧ್ಯವಾದರೆ ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಮೈಸೂರು, ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಪರೀಕ್ಷೆ ಮಾಡಿದ ಕ್ಯಾಮೆರಾ ತೋಟದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗುವುದಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಇರಲಿ. ಪೂರ್ತಿ ಝೂಮ್ ಎಳೆದು ಅಂಗಡಿಯ ಅತಿ ಕತ್ತಲ ಮೂಲೆಯನ್ನು 1/500ರಲ್ಲಿ ತೆಗೆಯಿರಿ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ, ಆಮೇಲೆ ದುಡ್ಡು ಕೊಡಿ. "ಸಾರ್, ಇವತ್ತು ಮಾತ್ರ ಆಫರ್" ಅನ್ನುವವರಿಗೆ ನಗುತ್ತಾ "ನಾಳೆ ಬರ್ತೀನಿ" ಅನ್ನಿ.

ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ತಗೊಂಡು ಹೋಗಿ. ಲೆನ್ಸ್‌ನ ಒಂದು ಕಡೆಯಿಂದ ಓರೆಯಾಗಿ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಧೂಳಿನ ಚುಕ್ಕಿ ಇದ್ದರೆ ಪರವಾಗಿಲ್ಲ. ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಸೂಪರ್‌ಝೂಮ್ ಆದರೆ ಲೆನ್ಸ್ ಪೂರ್ತಿ ಹೊರಗೆ ತಂದು ತುದಿಯನ್ನು ಮೆಲ್ಲಗೆ ಅಲುಗಿಸಿ. ಸ್ವಲ್ಪ ಆಡುವುದು ಸಹಜ, ಗಡಗಡ ಅಂದರೆ ಬಿಡಿ. ಒಳಗೆ ಹೋಗುವಾಗ ಕರಕರ ಶಬ್ದ ಬಂದರೆ ಧೂಳು ಹೊಕ್ಕಿದೆ ಅಂತ.

ಜಿಎಸ್‌ಟಿ ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಹೊರದೇಶದಿಂದ ಹಾಗೆಯೇ ತಂದದ್ದಕ್ಕೆ ಇಲ್ಲಿ ವಾರಂಟಿ ಸಿಗದೇ ಹೋಗಬಹುದು. ರಿಪೇರಿ ಅಂದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿಗೆ, ಇಲ್ಲವೇ ಬೆಂಗಳೂರಿಗೆ ಹೋಗಬೇಕು. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ಬಸ್ಸೋ ಕಾರೋ ಹತ್ತಲೇಬೇಕು. ಬಿಲ್‌ನಲ್ಲಿರುವ ಸೀರಿಯಲ್ ನಂಬರ್, ಬಾಡಿ ಕೆಳಗಿನ ನಂಬರ್, ಪೆಟ್ಟಿಗೆ ಮೇಲಿನ ನಂಬರ್ ಮೂರೂ ಒಂದೇನಾ ಅಂತ ಅಂಗಡಿಯಲ್ಲೇ ನೋಡಿ. ಬಿಲ್‌ನ ಫೋಟೊವನ್ನು ಅಲ್ಲೇ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ಬಿಲ್‌ನ ಅಕ್ಷರ ವರ್ಷದೊಳಗೆ ಮಾಸಿಹೋಗುತ್ತದೆ.